ಕೋಳಿಗೂಡಿಗೆ ನೀರು ಹಾಕಿದವರು

ನಾನು ಚಿಕ್ಕವಳಿದ್ದಾಗ ನಮ್ಮ ಚಾಳಿನಲ್ಲಿ ಯಾವ ವಾಸನೆ ಎಲ್ಲಿಂದ ಬಂತು ಎಂದು ಹೇಳುವುದೇ ಒಂದು ವಿದ್ಯೆಯಾಗಿತ್ತು. ಬೆಳಗಿನ ಪಾವ್ ವಾಸನೆ ಗಲ್ಲಿಯ ತುದಿಯ ಬೇಕರಿಯದು, ಮಧ್ಯಾಹ್ನದ ಒಣಮೀನಿನದು ಎದುರು ಸಾಲಿನದು, ಸಂಜೆ ಗಾಳಿ ತಿರುಗಿದ ಮೇಲೆ ಮೂಗು ಚುಚ್ಚುವುದು ಕಾರ್ಖಾನೆಗಳದು. ಮುಂಬೈ ಪಕ್ಕದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ಬೆನ್ನಿಗಿದ್ದ ಚಾಳು ಅದು, ಒಂದೊಂದೇ ಖೋಲಿಯ ಮನೆಗಳ ಸಾಲು. ಕಾರ್ಖಾನೆಯ ವಾಸನೆಗೆ ಯಾರೂ ತಕರಾರು ಮಾಡುತ್ತಿರಲಿಲ್ಲ, ಅರ್ಧ ಚಾಳು ಅಲ್ಲಿಯೇ ದುಡಿಯುತ್ತಿತ್ತು. ತಕರಾರೆಲ್ಲ ನಮ್ಮ ಕೋಳಿಗೂಡಿನ ಪಾಲಿಗೆ ಬರುತ್ತಿತ್ತು.

ಗೂಡು ನಮ್ಮ ಖೋಲಿಯ ಹಿಂದೆ, ಗಟಾರಿನ ಪಕ್ಕದ ಮೂರು ಮಾರು ಜಾಗದಲ್ಲಿತ್ತು. ಕಂಪನಿಯಲ್ಲಿ ಲೋಡಿಂಗ್ ಕೆಲಸಕ್ಕಿದ್ದ ಅಪ್ಪ ಅಲ್ಲಿ ಬಿಸಾಡಿದ ಹಲಗೆಗಳನ್ನು ಕೇಳಿ ತಂದು ಕಟ್ಟಿದ್ದ. ಐದು ಹೇಂಟೆ, ಒಂದು ಹುಂಜ. ಅವ್ವ ವಿಜಯಪುರದ ಕಡೆಯವಳು. ಕೋಳಿ ಇಲ್ಲದ ಮನೆ ಅವಳಿಗೆ ಮನೆಯೇ ಅಲ್ಲ. ಮೂರು ಮನೆಗಳಲ್ಲಿ ಪಾತ್ರೆ ತಿಕ್ಕಿ ಎರಡು ಗಂಟೆಗೆ ಬಂದವಳು ಉಣ್ಣುವ ಮೊದಲು ಕೋಳಿಗಳನ್ನು ಎಣಿಸುತ್ತಿದ್ದಳು. ಒಂದು ಕಡಿಮೆ ಕಂಡರೆ ಮೊದಲು ಯಾರ ಮೇಲಾದರೂ ಸಂಶಯಪಡುವುದು, ಆಮೇಲೆ ಹುಡುಕುವುದು. ಆ ಗುಣ ನನಗೂ ಹಾಗೆಯೇ ಇಳಿದು ಬಂದಿದೆ.

ಗೂಡು ಚೊಕ್ಕಟವಾಗಿಡುವುದು ನನ್ನ ಪಾಲಿನ ಕೆಲಸ. ಶಾಲೆಗೆ ಹೋಗುವ ಮುಂಚೆ ಗೌಂಡಿಯೊಬ್ಬ ಬಿಟ್ಟುಹೋದ ಮುರುಕು ಕರಣೆಯಿಂದ ಹಿಕ್ಕೆ ಕೆರೆದು ತೆಗೆಯಬೇಕು, ಕಟ್ಟಿಗೆಯ ಹೊಟ್ಟು ಹಾಸಬೇಕು, ಮೇಲೆ ಬೂದಿ ಉದುರಿಸಬೇಕು. ಊರಿನಲ್ಲಾದರೆ ಒಲೆಯ ಬೂದಿ ಇತ್ತು. ಇಲ್ಲಿ ಗ್ಯಾಸು. ಹಾಗಾಗಿ ಬೇಕರಿಯ ಭಟ್ಟಿಯಿಂದ ಡಬ್ಬದ ತುಂಬ ಬೂದಿ ತರುತ್ತಿದ್ದೆ; ಎರಡು ಮೊಟ್ಟೆ ಒಯ್ದುಕೊಟ್ಟ ದಿನ ಬೇಕರಿಯವನು ಕೈಗೊಂದು ಬಿಸಿ ಖಾರಿ ಬಿಸ್ಕತ್ತನ್ನೂ ಇಡುತ್ತಿದ್ದ. ಅವ್ವನ ಕಾನೂನು ಒಂದೇ.

“ಗೂಡಿಗೆ ನೀರ ಮುಟ್ಟಿಸಬಾರ್ದು ನೋಡ. ಒಣಾ ಇದ್ರ ಕೋಳಿ ನಾರೂದಿಲ್ಲ. ಹಸೀ ಆತಂದ್ರ ಮನಷ್ಯಾನೂ ನಾರ್ತಾನ.”

ಪಕ್ಕದ ಖೋಲಿಯ ಸುಗುಣಕ್ಕ ಉಡುಪಿ ಕಡೆಯವರು. ಗಂಡ ಠಾಣೆಯ ಕೋಪರಿಯಲ್ಲಿ ಹೋಟೆಲ್ ಕೆಲಸಕ್ಕೆ ಬೆಳಗಿನ ಲೋಕಲ್ ಹಿಡಿದು ಹೋದರೆ ರಾತ್ರಿ ಊಟದ ಹೊತ್ತಿಗೇ ವಾಪಸು. ಮಕ್ಕಳಿರಲಿಲ್ಲ. ನಾನು ನೀರುದೋಸೆ ತಿಂದದ್ದು, ಚೆನ್ನೆಮಣೆ ಆಡಲು ಕಲಿತದ್ದು ಅವರ ಮನೆಯಲ್ಲಿ. ಅವರ ಕನ್ನಡಕ್ಕೆ ನಾನು ನಗುತ್ತಿದ್ದೆ, ನನ್ನ ಕನ್ನಡಕ್ಕೆ ಅವರು ನಗುತ್ತಿದ್ದರು. ಅವರಿಗೆ ತೊಳೆಯುವ ಹುಚ್ಚು. ಹೊಸ್ತಿಲು, ಕಟ್ಟೆ, ಕಿಟಕಿಯ ಸರಳು, ಯಾವುದಕ್ಕೂ ನೀರು ತಪ್ಪುತ್ತಿರಲಿಲ್ಲ. ಒಮ್ಮೆ ಅವ್ವನಿಗೂ ಹೇಳಿದ್ದರು.

“ಗೂಡಿಗೊಂದು ಬಾಲ್ದಿ ನೀರು ಹೊಯ್ದು ತೊಳೆದರೆ ಚಂದ ಆಗ್ತದಲ್ವಾ?”

ಅವ್ವನ ಮುಖ ಬಿಗಿಯಾಯಿತು. “ಯಾಕ್ರಿ, ನಮ್ಮ ಗೂಡ ಹೊಲಸ ಕಾಣತೈತೇನ ನಿಮಗ?”

ಸುಗುಣಕ್ಕ ಮತ್ತೆಂದೂ ಆ ಮಾತೆತ್ತಲಿಲ್ಲ.

ನಾನು ಆರನೆಯ ಇಯತ್ತೆಯಲ್ಲಿದ್ದಾಗ, ಹೋಳಿ ಹಬ್ಬ ಹತ್ತಿರ ಬಂದ ದಿನಗಳಲ್ಲಿ, ನಮ್ಮ ಕರಿ ಹೇಂಟೆ ಹನ್ನೊಂದು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತು. ಅದೇ ಹೊತ್ತಿಗೆ ಗೂಡು ನಾರತೊಡಗಿತು. ಸಾಧಾರಣ ನಾತವಲ್ಲ, ಕಣ್ಣಲ್ಲಿ ನೀರು ತರಿಸುವ ಘಾಟು. ಬೆಳಿಗ್ಗೆ ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳುವಂತಿರುತ್ತಿತ್ತು. ನಾನು ಕೆರೆದು ಹೊಸ ಹೊಟ್ಟು ಹಾಸುತ್ತಿದ್ದೆ. ಮಧ್ಯಾಹ್ನ ಬಂದು ನೋಡಿದರೆ ಅದು ಒದ್ದೆ. ಮಳೆಯಿಲ್ಲ, ನಲ್ಲಿ ಒಡೆದಿಲ್ಲ. ಅವ್ವ ಬೂದಿ ಹೆಚ್ಚಿಸಲು ಹೇಳಿದಳು, ಎರಡು ಡಬ್ಬ ಸುರಿದೆ. ಘಾಟು ಇನ್ನೂ ಏರಿತು.

“ಯಾರೋ ಬೇಕಂತs ಹೊಲಸ ನೀರ ಚೆಲ್ಲಾಕ್ಹತ್ಯಾರ,” ಎಂದಳು ಅವ್ವ.

ಅಲ್ಲಿಂದ ನನಗೆ ಕಂಡವರೆಲ್ಲ ಕಳ್ಳರು. ಲಗೋರಿ ಆಡುವಾಗ ಎದುರು ಸಾಲಿನ ಹುಡುಗರ ಚಡ್ಡಿ ಒದ್ದೆಯಾಗಿದೆಯೇ ಎಂದು ನೋಡುತ್ತಿದ್ದೆ. ನಲ್ಲಿಯ ಹತ್ತಿರ ಅವ್ವನೊಂದಿಗೆ ಜಗಳಾಡಿದ್ದ ಹೆಂಗಸಿನ ಬಾಲ್ದಿಯನ್ನು ಹಿಂದಿನಿಂದ ಹೋಗಿ ಮೂಸಿ ಬಂದೆ. ಕೊನೆಗೆ ಸುಗುಣಕ್ಕನನ್ನೇ ಕೇಳಿದೆ, ಯಾರಿರಬಹುದು ಎಂದು. ಅವರು ದೋಸೆ ಮಗುಚುತ್ತಿದ್ದವರು ತಲೆಯೆತ್ತಲಿಲ್ಲ.

“ಯಾರೂ ಇಲ್ಲ ಮಗಾ. ಎರಡು ದಿನದಲ್ಲಿ ವಾಸನೆ ಹೋಗ್ತದೆ, ನೋಡು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತಲ್ಲ! ಎರಡು ದಿನ ಎಂದು ಇವರಿಗೆ ಹೇಗೆ ಗೊತ್ತು? ಬಾಯಲ್ಲಿದ್ದ ದೋಸೆಯನ್ನು ನಾನು ಅನುಮಾನದಿಂದಲೇ ನುಂಗಿದೆ.

ಅದರ ಮರುದಿನ ಚಾಳಿನ ಹಿರಿಯ, ನಾವೆಲ್ಲ ಕಾಕಾ ಎನ್ನುತ್ತಿದ್ದವರು, ಮೂಗಿಗೆ ಕರವಸ್ತ್ರ ಹಿಡಿದು ಬಂದರು. “ರವಿವಾರ್ ಪರ್ಯಂತ್ ವಾಸ್ ಗೇಲಾ ನಾಹಿ, ತರ್ ಖುರಾಡಾ ಕಾಢಾಯಚಾ,” ಎಂದರು. ಭಾನುವಾರದೊಳಗೆ ವಾಸನೆ ಹೋಗದಿದ್ದರೆ ಗೂಡು ತೆಗೆಯಬೇಕು. ಮರಿಯಾಗಲು ಇನ್ನೂ ಒಂದು ವಾರವಿತ್ತು. ಕಾವಿಗೆ ಕೂತದ್ದನ್ನು ಎಬ್ಬಿಸಿದರೆ ಮೊಟ್ಟೆಗಳೆಲ್ಲ ಹೋದಂತೆಯೇ. ಆ ದಿನ ಅವ್ವ ರೊಟ್ಟಿ ಬಡಿಯುತ್ತಾ ಅತ್ತಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಬಹಳ ಹೆದರಿಕೆಯಾಯಿತು.

ಶುಕ್ರವಾರ ಹೊಟ್ಟೆನೋವೆಂದು ಹೇಳಿ ಶಾಲೆ ತಪ್ಪಿಸಿದೆ. ಅವ್ವ ಕೆಲಸಕ್ಕೆ ಹೋದ ಮೇಲೆ ಹಿಂದಿನ ಕಿಟಕಿಯ ಮುರಿದ ಪಟ್ಟಿಗೆ ಕಣ್ಣಿಟ್ಟು ಕೂತೆ. ಹನ್ನೊಂದರ ಸುಮಾರಿಗೆ ಸುಗುಣಕ್ಕ ಬಂದರು. ಒಂದು ಕೈಯಲ್ಲಿ ಬಾಲ್ದಿ, ಇನ್ನೊಂದರಲ್ಲಿ ಕಡ್ಡಿಪೊರಕೆ. ಕರಿ ಹೇಂಟೆ ಕೂತ ಮೂಲೆಗೆ ನೀರು ಸಿಡಿಯದಂತೆ ಒಂದು ಗೋಣಿತಟ್ಟು ಅಡ್ಡ ಕಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಸಗಸ ತಿಕ್ಕಿ ತೊಳೆದರು. ಸುತ್ತಮುತ್ತ ಒಮ್ಮೆ ನೋಡಿ ಬೇಗ ಬೇಗ ಒಳಗೆ ಹೋದರು.

ನಾನು ಓಡಿಹೋಗಿ ಗೂಡಿನೊಳಗೆ ಕೈ ಹಾಕಿದೆ. ಬೇವಿನ ಸೊಪ್ಪು ಕುದಿಸಿದ ನೀರು. ಇನ್ನೂ ಸ್ವಲ್ಪ ಬೆಚ್ಚಗಿತ್ತು. ಹೊಟ್ಟಿನಲ್ಲಿ ಎಲೆಗಳು ಸಿಕ್ಕಿಕೊಂಡಿದ್ದವು, ನಿಂಬೆಯ ಸಿಪ್ಪೆಯೂ ಇತ್ತು. ಚಾಳಿಗೆ ನೀರು ಬರುತ್ತಿದ್ದದ್ದು ಬೆಳಿಗ್ಗೆ ಒಂದೇ ಗಂಟೆ. ಒಬ್ಬೊಬ್ಬರಿಗೆ ಆರು ಬಾಲ್ದಿ. ಅದರಲ್ಲೊಂದನ್ನು ಅವರು ದಿನವೂ ನಮ್ಮ ಕೋಳಿಗಳಿಗೆ ಸುರಿಯುತ್ತಿದ್ದರು. ಇದೆಲ್ಲ ಆ ಕ್ಷಣವೇ ನನಗೆ ಅರ್ಥವಾಗಿತ್ತು. ಚಿಕ್ಕವಳು, ತಿಳಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಎರಡು ಗಂಟೆಗೆ ಅವ್ವ ಬಂದಳು. ನನ್ನ ಹೊಟ್ಟೆನೋವು ಎಂಥದ್ದೆಂದು ಅವಳಿಗೆ ಮೊದಲೇ ಗೊತ್ತಿತ್ತು. “ಸಿಕ್ರೇನ?”

“ಸುಗುಣಕ್ಕ.”

ಅವ್ವ ಚೀಲ ಕೆಳಗಿಟ್ಟಳು. “ಎಂಥಾ ನೀರದು?”

ಒಳ್ಳೆಯ ನೀರು ಎಂದರೆ, ಹಾಗಾದರೆ ನಾತ ಕೋಳಿಗಳದ್ದೇ ಎಂದು ಕಾಕಾ ಹೇಳುತ್ತಾರೆ, ಗೂಡು ಹೋಗುತ್ತದೆ. ಕೆಟ್ಟ ನೀರು ಎಂದರೆ ಗೂಡು ಉಳಿಯುತ್ತದೆ. ಹನ್ನೊಂದು ವರ್ಷದ ತಲೆ ಇಷ್ಟು ಲೆಕ್ಕ ಹಾಕಿತು.

“ನಾರ್ತಿತ್ತು,” ಎಂದೆ.

ಅವ್ವ ಅಂಗಳಕ್ಕೆ ಹೋಗಿ ಇಡೀ ಚಾಳನ್ನೇ ಕರೆದಳು. “ಬಾಯಾಗ ಬೆಲ್ಲಾ, ಕರಳಾಗ ಕತ್ತರಿ! ನನ್ನ ಮಗಳಿಗೆ ಉಣಿಸಿ, ನನ್ನ ಕೋಳಿಗೆ ಹೊಲಸ ಸುರೀತಿ ಏನ ನೀ? ಆಕೀನs ಕಿಡಕ್ಯಾಗಿಂದ ಕಣ್ಣಾರೆ ನೋಡ್ಯಾಳ!” ಅಷ್ಟು ವರ್ಷ ‘ನೀವು’ ಎನ್ನುತ್ತಿದ್ದವಳು ಒಮ್ಮೆಗೇ ‘ನೀ’ಗೆ ಇಳಿದಿದ್ದಳು. ಸುಗುಣಕ್ಕ ಒದ್ದೆ ಕೈಯಲ್ಲೇ ಹೊರಗೆ ಬಂದು ಗುಂಪನ್ನು ನೋಡಿ ಗಾಬರಿಯಾದರು.

“ತೊಳೆದದ್ದು ಹೌದು. ಎಲ್ಲರೂ ನಿಮಗೆ ಬೈತಾರಲ್ಲ ಅಂತ ಬೇಜಾರಾಗಿ ತೊಳೆದದ್ದು ಮಾರಾಯ್ರೇ. ಹೇಳಿದರೆ ನಿಮಗೆ ಸಿಟ್ಟು ಬರ್ತದೆ ಅಂತ ಹೇಳಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ನೀನು ನೋಡಿದ್ದಿಯಲ್ಲ ಮಗಾ. ಬೇವಿನ ನೀರಲ್ವಾ ಅದು? ಹೇಳು.”

ನಾನು ನನ್ನ ಕಾಲ ಬೆರಳುಗಳನ್ನು ನೋಡುತ್ತಾ ನಿಂತೆ. ಸುಗುಣಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಂದೇ ಅಪ್ಪ, ನಾನು ಸೇರಿ ಗೂಡನ್ನು ಪೂರ್ತಿ ಕೆರೆದು ಒಣ ಹೊಟ್ಟು ಹಾಸಿದೆವು. ಭಾನುವಾರ ಕಾಕಾ ಬಂದು ಕರವಸ್ತ್ರ ತೆಗೆದು ಮೂಸಿದರು. ವಾಸನೆಯ ಸುಳಿವಿಲ್ಲ. ಸುಗುಣಕ್ಕನದೇ ಕೆಲಸ ಎನ್ನಲು ಚಾಳಿಗೆ ಇನ್ನೇನು ಸಾಕ್ಷಿ ಬೇಕು! ವಾರದೊಳಗೆ ಒಂಬತ್ತು ಮರಿಗಳಾದವು. ಅವು ಚಿಲಿಪಿಲಿ ಅನ್ನುತ್ತಾ ಅಂಗಳ ತುಂಬಿದಾಗ ಚಾಳಿನವರೆಲ್ಲ ನೋಡಲು ಬಂದರು, ಒಬ್ಬರನ್ನು ಬಿಟ್ಟು.

ಮಳೆ ಹಿಡಿಯುವ ಮುಂಚೆ ಸುಗುಣಕ್ಕನವರು ಠಾಕುರ್ಲಿಗೆ ಖೋಲಿ ಬದಲಿಸಿದರು. ಒಂದೇ ಸ್ಟೇಷನ್ ದೂರ. ನಾನು ಒಮ್ಮೆಯೂ ಹೋಗಲಿಲ್ಲ. ಬೂದಿ ಹಾಕಿದ ಹಿಕ್ಕೆಗೆ ನೀರು ಬಿದ್ದರೆ ಅಮೋನಿಯದ ಘಾಟು ಎದ್ದು ಬರುತ್ತದೆ ಎಂದು ಕಾಲೇಜಿನ ಕೆಮಿಸ್ಟ್ರಿ ಓದುವಾಗ ತಿಳಿಯಿತು. ಅವ್ವ ಹಾಕಿಸಿದ ಬೂದಿಯದೂ ತಪ್ಪಲ್ಲ, ಅವರು ಸುರಿದ ನೀರಿನದೂ ತಪ್ಪಲ್ಲ. ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿಕೊಂಡಿದ್ದರೆ ಒಂದು ದಿನದಲ್ಲಿ ಮುಗಿಯುವ ಮಾತಾಗಿತ್ತು.

ಈಗ ಚಾಳೂ ಇಲ್ಲ, ಕೋಳಿಯೂ ಇಲ್ಲ. ನಾವು ನವಿ ಮುಂಬೈಯಲ್ಲಿ ಏಳನೆಯ ಮಜಲಿನಲ್ಲಿದ್ದೇವೆ. ಯಾರ ಮನೆಯ ಮುಂದೆ ವಾಸನೆ ಬಂದರೂ ಸೊಸೈಟಿಯ ಗ್ರೂಪಿನಲ್ಲಿ ಫೋಟೋ ಬೀಳುತ್ತದೆ, ಕ್ಯಾಮೆರಾ ನೋಡಿ ಎಂದು ಹತ್ತು ಮಂದಿ ಬರೆಯುತ್ತಾರೆ. ತನ್ನ ಪಾಲಿನ ನೀರು ಹೊತ್ತು ಬಂದು ಪಕ್ಕದ ಮನೆಯ ಹೊಲಸು ತೊಳೆಯುವವರು ಆಮೇಲೆ ನನಗೆ ಸಿಕ್ಕಿಲ್ಲ. ಸಿಕ್ಕರೂ ನಾನು ಮೊದಲು ಅನುಮಾನವೇ ಪಡುತ್ತೇನೋ ಏನೋ.

ಅವ್ವ ಈ ಕಥೆಯನ್ನು ನನ್ನ ಮಗಳಿಗೆ ಹೇಳುತ್ತಿರುತ್ತಾಳೆ. ಮೊನ್ನೆಯೂ ಹೇಳಿದಳು. “ನಿಮ್ಮವ್ವಗ ಆಗs ಭಾಳ ಚುರುಕ ಬುದ್ಧಿ. ಕಿಡಕ್ಯಾಗಿಂದ ನೋಡಿ ಹಿಡದ್ಲು ಆಕೀನ!”

ಮಗಳು ಕೇಳಿ ನನ್ನ ಕಡೆ ತಿರುಗಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಹಿಂದಿ. “ಮಮ್ಮಿ, ವೋ ಪಾನಿ ಸಚ್ ಮೇ ಗಂದಾ ಥಾ ಕ್ಯಾ?” ಆ ನೀರು ನಿಜಕ್ಕೂ ಹೊಲಸಾಗಿತ್ತೇ ಎಂದು ಅವಳ ಪ್ರಶ್ನೆ.

ಅವ್ವ ಕೂಡ ನನ್ನ ಮುಖವನ್ನೇ ನೋಡುತ್ತಿದ್ದಳು.

“ನೆನಪಿಲ್ಲ,” ಎಂದೆ.