ಕಂಬಳಿ ಕಾಕಾನ ಬೆನ್ನು

ನಮ್ಮ ಕಂಬಳಿ ಕಾಕಾನ ಮುಖಕ್ಕಿಂತ ಅವನ ಬೆನ್ನೇ ನನಗೆ ಹೆಚ್ಚು ನೆನಪಿರುವುದು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ಬಾಗಿದ ಬೆನ್ನು. ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಮೇಲೆ. ಹೆಗಲ ಮೇಲೆ ಬಿಳಿ ಅಂಚಿನ ಕರಿ ಕಂಬಳಿ, ಅದರ ಮೇಲೆ ಇಳಿಬಿದ್ದ ರುಮಾಲಿನ ತುದಿ. ಹನ್ನೊಂದು ವರ್ಷ ನಾನು ಕುಸ್ತಿ ಹಿಡಿದ ಕಣಗಳಲ್ಲೆಲ್ಲ ಸುತ್ತ ನಿಂತ ಜನರ ಮುಖಗಳು ನನ್ನತ್ತ ತಿರುಗಿರುತ್ತಿದ್ದವು. ಈ ಒಂದು ಬೆನ್ನು ಮಾತ್ರ ಎಲ್ಲರ ನಡುವೆ ತಿರುಗಿ ನಿಂತಿರುತ್ತಿತ್ತು. ಯಾಕೆ ಹಾಗೆ ಎಂದು ಹೇಳಲಿಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿಯೇನೂ ಅಲ್ಲ.

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಮುರುಮದ ಹತ್ತಿರದ ಹಳ್ಳಿ ನಮ್ಮದು. ಲಿಂಗ ಕಟ್ಟಿಕೊಂಡು ಹೊಲ ಉತ್ತುಕೊಂಡು ಬಂದ ಮನೆತನ. ಕಾಕಾ ಬೀರಪ್ಪನ ಒಕ್ಕಲು. ಅವನ ಅಣ್ಣತಮ್ಮಂದಿರು ಕುರಿ ಮೇಯಿಸಿದರೆ ಇವನು ಕಂಬಳಿ ನೇಯುತ್ತಿದ್ದ. ಅವನ ಮನೆಗೂ ನಾವು ಕುಸ್ತಿ ಕಲಿಯುವ ತಾಲೀಮಿಗೂ ನಡುವೆ ಒಂದೇ ಗೋಡೆ. ನಿಜಾಮರ ಕಾಲ ಅದು. ಕಚೇರಿ ಉರ್ದುವಿನಲ್ಲಿ, ಪೇಟೆ ಮರಾಠಿಯಲ್ಲಿ, ಮನೆ ಕನ್ನಡದಲ್ಲಿ. ಕುಸ್ತಿಯ ಕಣದಲ್ಲಿ ಮಾತ್ರ ಮೂರರಲ್ಲೂ ಬೈಯುತ್ತಿದ್ದರು.

ಕಾಕಾ ಸ್ವತಃ ಪೈಲವಾನನಲ್ಲ. ನಾಲ್ಕು ಬೈಠಕ್ ಹೊಡೆದರೆ ಕೆಮ್ಮು ಬರುತ್ತಿದ್ದ ಮನುಷ್ಯ. ಆದರೆ ಗೋಡೆಯಾಚೆಯಿಂದ ನಮ್ಮ ಉಸಿರಿನ ಸದ್ದು ಕೇಳಿಯೇ ಯಾರು ಇವತ್ತು ಮೈಗಳ್ಳತನ ಮಾಡಿದರೆಂದು ಹೇಳುತ್ತಿದ್ದ. ನಾನು ಎಂದರೆ ಅವನಿಗೆ ಪ್ರಾಣ. ಯಾಕೆ ನಾನೇ ಎಂದು ಕೇಳಿದರೆ, "ನೀ ಬಿದ್ದಾಗ ಅಳಲಿಲ್ಲ, ಅದಕ್ಕ" ಎನ್ನುತ್ತಿದ್ದ. ಯಾವಾಗ ಬಿದ್ದೆನೋ, ಯಾವಾಗ ಅಳಲಿಲ್ಲವೋ, ನನಗಂತೂ ನೆನಪಿಲ್ಲ. ನನ್ನ ಕುಸ್ತಿ ನಿಗದಿಯಾದ ವಾರ ಅವನ ಮಗ್ಗ ಹಾದಿ ತಪ್ಪುತ್ತಿತ್ತು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲು. ಕೊಳ್ಳಲು ಬಂದ ಗಿರಾಕಿಗಳು ಕಂಬಳಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಕುಸ್ತಿ ವಾರದ್ದೇನಪಾ?" ಎಂದು ಕೇಳಿ ಮಡಿಸಿ ಇಡುತ್ತಿದ್ದರು. ಗೆದ್ದರೆ ಓಣಿಯ ಮನೆ ಮನೆಗೆ ಬೆಲ್ಲ ಹಂಚುತ್ತಿದ್ದ. ಸೋತರೆ ನಾಲ್ಕು ದಿನ ಗುಂಡಿಯಿಂದ ಮೇಲೆ ಏಳುತ್ತಿರಲಿಲ್ಲ. "ಸೋತಾಂವ ಆ ಮನ್ಯಾಂವ, ಒಲಿ ಆರೂದು ನಮ್ಮ ಮನ್ಯಾಗ" ಎಂದು ಅವನ ಹೆಂಡತಿ ಕಾಕು ಬಾವಿಕಟ್ಟೆಯಲ್ಲಿ ಹೇಳಿ ನಗುತ್ತಿದ್ದಳು. ಕಾಕಾನದು ಒಂದೇ ಮಾತು: "ಗೆದ್ರ ಊರಂದು, ಸೋತ್ರ ನಂದು."

ಆ ಮಾತನ್ನು ನಾನು ನಿಜ ಮಾಡಿಬಿಟ್ಟೆ.

ನಿಲಂಗಾದಲ್ಲಿ ನನಗೊಂದು ದೊಡ್ಡ ಕುಸ್ತಿ ನಿಗದಿಯಾಗಿತ್ತು. ಆಗ ನನಗೆ ಇಪ್ಪತ್ತೆರಡು. ನಾಲ್ಕು ದಿನ ಮೊದಲು ತಾಲೀಮಿನಲ್ಲಿ ಬಲ ಮೊಣಕಾಲು ಉಳುಕಿತು. ವಸ್ತಾದರಿಗೆ, ಎಂದರೆ ನಮಗೆ ಕುಸ್ತಿ ಕಲಿಸುವ ಗುರುವಿಗೆ, ಗೊತ್ತಾದರೆ ನನ್ನನ್ನು ಬಿಟ್ಟು ಬೇರೆಯವನನ್ನು ಇಳಿಸುತ್ತಿದ್ದರು. ಬಾಯಿ ಮುಚ್ಚಿಕೊಂಡು ಎಣ್ಣೆ ತಿಕ್ಕಿಕೊಂಡು ಹೋದೆ. ಕಣದ ಅಂಚಿನಲ್ಲೇ, ಮೊದಲ ಸಾಲಿನಲ್ಲಿ ಕಾಕಾ ನಿಂತಿದ್ದ. ರೆಪ್ಪೆ ಹೊಡೆಯದೆ ನನ್ನನ್ನೇ ನೋಡುತ್ತಿದ್ದ. ಎದುರಾಳಿ ಸರಿಯಾಗಿ ಆ ಕಾಲಿಗೇ ಕೈ ಹಾಕಿದ. ಕಣದ ಬದಿಯಲ್ಲಿ ಬಡಿಯುವ ಹಲಗಿಯ ಸದ್ದು ಏರುವ ಮೊದಲೇ ನನ್ನ ಎರಡೂ ಭುಜಗಳು ಮಣ್ಣಿಗೆ ಹತ್ತಿದ್ದವು. ಬೆನ್ನಿಗೆ ಮಣ್ಣು ಹತ್ತಿತೆಂದರೆ ಸೋತಂತೆ. ಕುಸ್ತಿಯಲ್ಲಿ ಇರುವುದು ಅದೊಂದೇ ಕಾಯಿದೆ.

ವಸ್ತಾದರು ಎಲ್ಲರ ಎದುರಿಗೆ ನನ್ನ ತೋಳು ಹಿಡಿದು ಕೇಳಿದರು. "ಏನಾಯ್ತಲೇ? ಕಾಲ ಯಾಕ ನಿಲ್ಲಲಿಲ್ಲ?"

ನಿಜ ಹೇಳುವ ಧೈರ್ಯವಾಗಲಿಲ್ಲ. ಎದುರಿಗೆ ಕಾಕಾ ಇದ್ದ, ಕಣ್ಣಲ್ಲಿ ನೀರು ತುಂಬಿಕೊಂಡು. ನಾನು ಬೆರಳು ಮಾಡಿ ತೋರಿಸಿದೆ.

"ಈ ಕಾಕಾನ ಕಣ್ಣ ಬಿತ್ತು ನನಗ. ಹ್ಯಾಂಗ ನೋಡ್ಲಿಕ್ಕತ್ತಿದ್ದ ನೀವೇ ನೋಡೀರಿಲ್ಲ!"

ಯಾರೋ ಹೌದೆಂದರು. ಯಾರೋ ಥೂ ಎಂದು ಉಗುಳಿ ದೃಷ್ಟಿ ತೆಗೆದರು. ಕಾಕಾ ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಖರೇನ ತಮ್ಮಾ?" ನಾನು ತಲೆ ತಗ್ಗಿಸಿ ಹೂಂ ಎಂದೆ. ಒಂದು ಹೂಂ. ಅದರ ಮೇಲೆ ಅವನು ಮತ್ತೊಂದು ಮಾತು ಕೇಳಲಿಲ್ಲ.

ಮುಂದಿನ ಕುಸ್ತಿ ಮುರುಮದಲ್ಲಿ. ಕಾಕಾ ಬರಲಾರ ಎಂದುಕೊಂಡಿದ್ದೆ. ಬಂದಿದ್ದ. ಅದೇ ಮೊದಲ ಸಾಲು. ಆದರೆ ಕಣಕ್ಕೆ ಬೆನ್ನು ಮಾಡಿ ನಿಂತಿದ್ದ. ನೋಡಿದರೆ ನಾನು ಸೋಲುತ್ತೇನೆ, ಬರದೆ ಇರುವುದು ಅವನಿಂದ ಆಗುವುದಿಲ್ಲ. ಹಾಗಾಗಿ ತನಗೆ ತಾನೇ ಈ ದಾರಿ ಹುಡುಕಿಕೊಂಡಿದ್ದ. ಆ ದಿನ ನಾನು ಗೆದ್ದೆ. ಮೊಣಕಾಲು ವಾಸಿಯಾಗಿತ್ತು, ಗೆದ್ದೆ, ಅಷ್ಟೇ. ಆದರೆ ಊರು ಬೇರೆಯೇ ತಿಳಿಯಿತು. ಹೆಂಗಸರು ಕಾಕಾ ಎದುರು ಬಂದರೆ ಕೂಸಿನ ಮುಖದ ಮೇಲೆ ಸೆರಗು ಎಳೆಯತೊಡಗಿದರು. ಅವನ ಸ್ವಂತ ತಮ್ಮನೇ ಹೊಸದಾಗಿ ಈದ ಮರಿಗಳನ್ನು ಅವನಿಗೆ ತೋರಿಸುವುದನ್ನು ಬಿಟ್ಟ.

ಇದೆಲ್ಲ ಕಂಡೂ ನಾನು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಬಹುದು. ಮೊದಲು ನಾಚಿಕೆ. ಆಮೇಲೆ ಅದಕ್ಕಿಂತ ಕೆಟ್ಟದ್ದು: ಸುಳ್ಳು ಹೇಳಿದ ನಾನೇ ಅದನ್ನು ನಂಬತೊಡಗಿದೆ. ಕಣಕ್ಕೆ ಇಳಿದ ಕೂಡಲೇ ಮೊದಲು ಹುಡುಕುತ್ತಿದ್ದುದು ಆ ಓರೆ ಬೆನ್ನನ್ನು. ಅದು ಕಂಡರೆ ಎದೆ ಹಗುರ. ಕಾಣುವವರೆಗೆ ಎದುರಾಳಿಯ ಕೈ ಮುಟ್ಟುತ್ತಿರಲಿಲ್ಲ. ಮುದುಕನ ಕಣ್ಣು ಕಟ್ಟಿ ನಾನು ಗೆಲ್ಲುತ್ತಿದ್ದೆ.

ಕಾಕಾ ಕುಸ್ತಿ ನೋಡುತ್ತಿದ್ದುದು ಜನರ ಮುಖದಲ್ಲಿ. ಎದುರಿಗಿದ್ದವರ ಹುಬ್ಬು ಏರಿದರೆ ನಾನು ಪಟ್ಟು ಹಾಕಿದೆ ಎಂದು, ತುಟಿ ಕಚ್ಚಿದರೆ ನಾನು ಕೆಳಗಿದ್ದೇನೆ ಎಂದು ತಿಳಿದುಕೊಳ್ಳುತ್ತಿದ್ದ. ತನ್ನ ಹೆಬ್ಬೆರಳ ಬುಡವನ್ನು ತಾನೇ ಕಚ್ಚಿಕೊಳ್ಳುತ್ತಿದ್ದ. ಅಲ್ಲಿ ಚರ್ಮ ಕಾಯಿ ಕಟ್ಟಿತ್ತು. ಮುಗಿದ ಮೇಲೆ ಬಂಡಿಯಲ್ಲಿ ನನ್ನ ಪಕ್ಕ ಕೂತು ಒಂದೊಂದು ಪಟ್ಟನ್ನೂ ಬಿಡಿಸಿ ಬಿಡಿಸಿ ಕೇಳುತ್ತಿದ್ದ. ಮರುದಿನ ಊರಲ್ಲಿ ಅವನು ಅದನ್ನು ಹೇಳುವುದನ್ನು ಕೇಳಿದರೆ, ಕಣ್ಣಾರೆ ಕಂಡವರೂ ತಾವು ಏನೂ ಕಂಡಿಲ್ಲವೆಂದುಕೊಳ್ಳಬೇಕು.

ಹೀಗೆ ಹನ್ನೊಂದು ವರ್ಷ ಕಳೆಯಿತು. ಉದಗೀರದಿಂದ ಕುಸ್ತಿಗೆ ಕರೆ ಬಂದಾಗ ನನಗೆ ಮೂವತ್ತಮೂರು. ಇದೇ ಕೊನೆಯದು ಎಂದು ಮನೆಯಲ್ಲಿ ಹೇಳಿದ್ದೆ. ಅಲ್ಲಿಯ ಪೈಲವಾನ ನನಗಿಂತ ಹತ್ತು ವರ್ಷ ಚಿಕ್ಕವನು, ಅಲ್ಲಿಯವರೆಗೆ ಬೆನ್ನಿಗೆ ಮಣ್ಣು ಹತ್ತಿಸಿಕೊಂಡವನಲ್ಲ. ಮೂರು ದಿನದ ಬಂಡಿಯ ದಾರಿ. ವಸ್ತಾದರು ಮುಂದಿನ ಬಂಡಿಯಲ್ಲಿ, ನಾನೂ ಕಾಕಾನೂ ಹಿಂದಿನದರಲ್ಲಿ. ಹೊರಡುವಾಗ ಕಾಕು ನನ್ನನ್ನು ಬದಿಗೆ ಕರೆದು, "ಅವನ ಕೈ ಹಿಡಕೊಂಡು ಇಳಿಸು ತಮ್ಮಾ, ವಯಸ್ಸಾಗ್ಯಾದ" ಎಂದಳು. ಎರಡು ವರ್ಷದಿಂದ ಅವಳೂ ಮಗ್ಗದ ಬದಿಯಲ್ಲೇ ಕೂತು ಎಳೆ ಎಣಿಸಿ ಹೇಳುತ್ತಿದ್ದಳು. ಮುದಿ ವಯಸ್ಸಿನ ಪ್ರೀತಿ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಎರಡನೆಯ ದಿನ ಮಧ್ಯಾಹ್ನ ನಿಲಂಗಾದಲ್ಲಿ ಎತ್ತು ಬಿಚ್ಚಿದೆವು. ನಾನು ಸೋತಿದ್ದ ಅದೇ ಬಯಲಿನ ಅಂಚು. ಈಗ ಅಲ್ಲಿ ಜೋಳದ ಕೂಳೆ ಇತ್ತು. ಕಾಕಾ ರೊಟ್ಟಿಯ ಗಂಟು ಬಿಚ್ಚಿ, ಉಳ್ಳಾಗಡ್ಡಿಯನ್ನು ಮುಷ್ಟಿಯಲ್ಲಿ ಒಡೆದು ನನಗೆ ಅರ್ಧ ಕೊಟ್ಟ. ನಾನು ಅದನ್ನು ರೊಟ್ಟಿಯ ಮೇಲೆ ಇಟ್ಟೆ.

"ಕಾಕಾ, ಇಲ್ಲಿ ಅವತ್ತ ನಿನ್ನ ಕಣ್ಣ ಬಿದ್ದಿದ್ದಿಲ್ಲ."

ಅವನು ಅಗಿಯುವುದನ್ನು ನಿಲ್ಲಿಸಿದ.

"ನನ್ನ ಮೊಣಕಾಲ ಮೊದಲೇ ಉಳಕಿತ್ತು. ವಸ್ತಾದ್ರಿಗಿ ಅಂಜಿ ಸುಳ್ಳ ಹೇಳಿದೆ. ನಿನ್ನ ಹೆಸರ ಹೇಳಿದೆ."



"ಹನ್ನೊಂದ ವರ್ಷ" ಎಂದ ಕಾಕಾ.

"ಹೌದು ಕಾಕಾ."

"ಮುರುಮದಾಗ ಆ ಪೈಲವಾನನ್ನ ಹೆಗಲ ಮ್ಯಾಲಿಂದ ಒಗದಿ ಅಂತಾರ. ಅದು ಹ್ಯಾಂಗಿತ್ತು ಅಂತ ನನಗ ಇವತ್ತಿಗೂ ಗೊತ್ತಿಲ್ಲ. ಮಂದಿ ಬಾಯಿ ತಗದದ್ದಷ್ಟೇ ನಾ ನೋಡೀನಿ. ಎಲ್ಲಾರ ಬಾಯಾಗಿನ ಹಲ್ಲ ನೋಡೀನಿ!"

ಅವನು ಎದ್ದ. ಕೈಯಲ್ಲಿದ್ದ ರೊಟ್ಟಿಯನ್ನು ಎತ್ತಿನ ಮುಂದೆ ಹಾಕಿದ. ಅಲ್ಲಿಂದ ಉದಗೀರದವರೆಗೆ ಬಂಡಿ ಹತ್ತಲಿಲ್ಲ. ಬಂಡಿಯ ಹಿಂದಿನ ಗೂಟ ಹಿಡಿದುಕೊಂಡು ನಡೆದ. ಸಿಟ್ಟಿನಿಂದ ಹಾಗೆ ಹಿಡಿದಿದ್ದಾನೆ ಎಂದುಕೊಂಡೆ. ನಾನೂ ಇಳಿದು ನಡೆದೆ.

ಉದಗೀರದ ಕೋಟೆಯ ಕೆಳಗಿನ ಬಯಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಣಕ್ಕೆ ಇಳಿಯುವ ಮುಂಚೆ ಕಾಕಾನ ಎರಡೂ ಕೈ ಹಿಡಿದುಕೊಂಡೆ. "ಇವತ್ತೊಂದ ದಿನ ನೋಡು ಕಾಕಾ. ಇದ ಕಡೀದು." ಅವನು ಕೈ ಬಿಡಿಸಿಕೊಂಡ. ಹಣೆಗೆ ಮಣ್ಣು ಹಚ್ಚಿಕೊಂಡು ತಿರುಗಿ ನೋಡುತ್ತೇನೆ: ಮೊದಲ ಸಾಲಿನಲ್ಲಿ ಅದೇ ಬೆನ್ನು.

ಕೈಗೆ ಕೈ ಕೂಡಿತು. ಎದುರಾಳಿಯ ಕುತ್ತಿಗೆ ಬಗ್ಗಿಸಲು ಹೋದೆ, ಬಗ್ಗಲಿಲ್ಲ. ನನ್ನ ಮನಸ್ಸು ಕಣದಲ್ಲಿರಲಿಲ್ಲ. ಕಾಕಾ ತಿರುಗಿದನೇ? ಇಲ್ಲ. ಈಗ? ಇಲ್ಲ. ತಿರುಗದಿದ್ದರೆ ನನ್ನನ್ನು ಕ್ಷಮಿಸಿಲ್ಲ. ತಿರುಗಿದರೆ, ಥೂ, ಆ ಹಾಳು ನಂಬಿಕೆ ಇನ್ನೂ ಹೊಟ್ಟೆಯಲ್ಲಿ ಕೂತೇ ಇತ್ತು. ಮತ್ತೊಮ್ಮೆ ಕಣ್ಣು ಆ ಕಡೆ ಹೊರಳಿದ ಗಳಿಗೆಯಲ್ಲೇ ಎದುರಾಳಿ ನನ್ನ ಕಾಲು ಎಳೆದ. ಬೋರಲಾಗಿ ಬಿದ್ದೆ. ಅವನು ಮೇಲೆ ಕೂತ.

ಬೋರಲು ಬಿದ್ದವನನ್ನು ಅಂಗಾತ ಮಾಡಿದರೆ ಮುಗಿಯಿತು. ಅವನು ನನ್ನ ಬಲಗಡೆಯಿಂದ ಎತ್ತುತ್ತಿದ್ದ, ನಾನು ಗದ್ದ ಊರಿ ಮಣ್ಣಿಗೆ ಅಂಟಿಕೊಂಡಿದ್ದೆ. ಬಾಯಿ ತುಂಬ ಮಣ್ಣು. ಹಲಗಿ ಹುಚ್ಚು ಹಿಡಿದಂತೆ ಬಡಿಯುತ್ತಿತ್ತು. ಅಷ್ಟು ಕೆಳಗಿನಿಂದ ಜನರ ಮುಖ ಕಾಣುವುದಿಲ್ಲ, ಪಾದಗಳು ಕಾಣುತ್ತವೆ. ಸಾಲಾಗಿ ಕಾಲ್ಬೆರಳುಗಳು. ಅವುಗಳ ನಡುವೆ ಬಿರುಕು ಬಿಟ್ಟ ಎರಡು ಹಿಮ್ಮಡಿ.

ನನ್ನ ಬಲಭುಜ ನೆಲದಿಂದ ಎದ್ದಿತು. ಅವನು ಇನ್ನೊಂದು ಸಲ ಹೂಂಕರಿಸಿದ. ಆಗ ಆ ಹಿಮ್ಮಡಿಗಳು ಅಲುಗಿದವು. ಒಂದು ತಿರುಗಿತು, ಅದರ ಹಿಂದೆ ಇನ್ನೊಂದು. ಹತ್ತು ಬೆರಳು ನನ್ನ ಕಡೆ.

"ಏಳೋ ನನ್ನಪ್ಪಾ!"

ಕಣದ ಬದಿಯಲ್ಲಿ ಆ ದನಿಯನ್ನು ನಾನು ಹನ್ನೊಂದು ವರ್ಷ ಕೇಳಿರಲಿಲ್ಲ. ಎದುರಾಳಿಯ ಕೈ ನನ್ನ ಕಂಕುಳಡಿ ಇತ್ತು. ಅದನ್ನು ಒತ್ತಿ ಹಿಡಿದು, ಇದ್ದ ಶಕ್ತಿಯೆಲ್ಲ ಕೂಡಿಸಿ ಅದೇ ಕಡೆಗೆ ಹೊರಳಿದೆ. ಅವನು ನನ್ನ ಮೇಲಿಂದ ಹಾದು ಅಂಗಾತ ನೆಲಕ್ಕೆ ಬಿದ್ದ. ಅವನ ಎದೆಯ ಮೇಲೆ ನಾನು. ಹಲಗಿ ನಿಂತಿತು.

ಜನ ಕಣಕ್ಕೆ ನುಗ್ಗಿದರು, ಧೂಳು ಎದ್ದಿತು. ಆ ಧೂಳಲ್ಲಿ ಕಾಕಾ ಎರಡೂ ಕೈ ಮುಂದೆ ಚಾಚಿಕೊಂಡು ಬರುತ್ತಿದ್ದ. "ಯಾರು? ಯಾರು ಬಿದ್ದಾರ?" ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದ, ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಅವನ ಕೈಗೆ ಮೊದಲು ಸಿಕ್ಕಿದ್ದು ಉದಗೀರದ ಪೈಲವಾನ. ಕಾಕಾ ಅವನ ಬೆನ್ನ ಮೇಲೆ ಅಂಗೈ ಆಡಿಸಿದ. ಭುಜದಿಂದ ಭುಜಕ್ಕೆ ಮಣ್ಣು. ಕಾಕಾನ ಮುಖ ಬೂದಿಯಾಯಿತು. "ಮತ್ತ ನಾ ನೋಡಿದೆನಲ್ಲೋ ತಮ್ಮಾ" ಎಂದು ಅಲ್ಲೇ ಕುಸಿಯಲು ಹೋದ.

ಆ ಪೈಲವಾನ ಈಗಷ್ಟೇ ಸೋತವನು. ಕೈ ಕೊಡವಿ ಹೋಗಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಕಾಕಾನ ತೋಳು ಹಿಡಿದು ನಿಲ್ಲಿಸಿ, "ಚಾಚಾ, ತುಮ್ಹಾರಾ ಉಧರ್ ಹೈ" ಎಂದು ನನ್ನ ಕಡೆಗೆ ತಿರುಗಿಸಿದ. ನಾನು ಓಡಿಹೋಗಿ ಬೆನ್ನು ಕೊಟ್ಟು ನಿಂತೆ. ಆ ಒರಟು ಅಂಗೈ ನನ್ನ ಭುಜದ ಎಲುಬುಗಳ ಮೇಲೆ ಎರಡು ಸಲ ಆಡಿತು. ಆಮೇಲೆ ಎದೆ ಮುಟ್ಟಿ ನೋಡಿದ.

"ಎದಿಗಿ ಮಣ್ಣ ಅದ. ಬೆನ್ನ ಹಸನ ಅದ" ಎಂದ. ಮತ್ತೆ ಅದನ್ನೇ ಹೇಳಿದ. ನಾನು ಅವನ ಮುಖ ಹಿಡಿದು ಬೆಳಕಿಗೆ ಎತ್ತಿದೆ. ಎರಡೂ ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ.

"ಎಂದಿನಿಂದ ಕಾಕಾ?"

"ಎರಡ ವರ್ಷ ಆಯ್ತು. ಹೇಳಿದ್ರ ನೀವು ಬಂಡಿ ಹತ್ತಸ್ತಿದ್ದಿಲ್ಲ. ನೀ ಮೊಣಕಾಲ ಮುಚ್ಚಿದಿ, ನಾ ಕಣ್ಣ ಮುಚ್ಚಿದೆ. ನಮ್ಮ ಕುಸ್ತಿ ಬರಾಬರಿ."

"ಮತ್ತ ಇವತ್ತ ಏನ ಕಂಡಿತು?"

"ಧೂಳ ಕಂಡಿತು. ಧೂಳಿನಾಗ ಎರಡ ನೆರಳ. ಮ್ಯಾಲಿಂದು ನೀನೋ ತೆಳಗಿಂದು ನೀನೋ ತಿಳೀಲಿಲ್ಲ. ಎರಡಕ್ಕೂ ಒದರಿದೆ."

ಅವನು ನಕ್ಕ. ನನಗೆ ನಗಲು ಆಗಲಿಲ್ಲ. ಗೆದ್ದ ಬೆಳ್ಳಿ ಕಡಗ ಕೈಯಲ್ಲಿತ್ತು, ಕಣದ ನಡುವೆ ಕೂತು ಅತ್ತೆ. ಎರಡು ವರ್ಷ ಮೊದಲು ಬಾಯಿ ಬಿಟ್ಟಿದ್ದರೆ ಆ ಕಣ್ಣಿಗೆ ಒಂದು ಕುಸ್ತಿಯಾದರೂ ದಕ್ಕುತ್ತಿತ್ತು.

ಊರಿಗೆ ಬಂದು ತಾಲೀಮಿನ ಅಂಗಳದಲ್ಲಿ ಎಲ್ಲರ ಮುಂದೆ ನಿಜ ಹೇಳಿದೆ. ವಸ್ತಾದರು ಕೋಲು ತೆಗೆದುಕೊಂಡು ನನ್ನ ಅದೇ ಮೊಣಕಾಲಿಗೆ ಬಾರಿಸಿದರು. ಕಾಕಾನೇ ಅಡ್ಡ ಬಂದು ಕೈ ಹಿಡಿದ. ಅವನ ತಮ್ಮ ಆ ಸಂಜೆ ಹೊಸ ಮರಿಯೊಂದನ್ನು ತಂದು ಅವನ ಮಡಿಲಲ್ಲಿಟ್ಟ. ಕಾಕಾ ಅದನ್ನು ಮುಟ್ಟಿ ಮುಟ್ಟಿ ನೋಡಿದ.

ಮರುವರ್ಷ ಬೇಸಿಗೆಯಲ್ಲಿ ಕಾಕಾ ತೀರಿಕೊಂಡ. ಮೂರು ದಿನದ ಜ್ವರ. ಬೀರಪ್ಪನ ಒಕ್ಕಲಲ್ಲಿ ಮಣ್ಣು ಮಾಡುತ್ತಾರೆ. ಕುಣಿಯ ಹತ್ತಿರ ಅವನನ್ನು ಇಳಿಸಲು ಎತ್ತಿದಾಗ ನಾನು ತಡೆದೆ. ನನ್ನ ಹೆಗಲ ಮೇಲೆ ಅವನೇ ನೇಯ್ದು ಕೊಟ್ಟ ಕಂಬಳಿ ಇತ್ತು. ಕುಸ್ತಿ ವಾರದ್ದು, ಒಂದು ಕಡೆ ಬಿಗಿ, ಒಂದು ಕಡೆ ಸಡಿಲು. ಅದನ್ನು ಬಿಚ್ಚಿ ಕುಣಿಗೆ ಇಳಿದೆ.

"ಮ್ಯಾಲ ಹೊಚ್ಚತಾರಪಾ, ತೆಳಗ ಹಾಸಂಗಿಲ್ಲ" ಎಂದರು ಅವನ ಕುಲದ ಹಿರಿಯರೊಬ್ಬರು.

"ಇವನ ಬೆನ್ನಿಗಿ ಮಣ್ಣ ಹತ್ತಬಾರದ್ರಿ" ಎಂದೆ.

ವಸ್ತಾದರು ಕೋಲನ್ನು ಬದಿಗಿಟ್ಟು, ಮುದಿ ಮಂಡಿಯೂರಿ, ಕಂಬಳಿಯ ಇನ್ನೊಂದು ತುದಿಯನ್ನು ಮೇಲಿನಿಂದ ಹಿಡಿದುಕೊಂಡರು.