ಸಿಮ್ಲಾದ ಮಗುವಿಗೆ ಮಂಗಳೂರಿನ ಚಳಿ

ನಾನು ಚಿಕ್ಕವನಿದ್ದಾಗ, ಅಂದರೆ ಚಿಂತೆ ಮಾಡುವ ವಿದ್ಯೆಯನ್ನು ಇನ್ನೂ ಕಲಿಯುತ್ತಿದ್ದಾಗ, ಮನೆಯ ಮಗು ಅತ್ತ ಒಂದೇ ದಿನ ಅದಕ್ಕೆ ಏನೆಲ್ಲ ಆಗಿರಬಹುದಿತ್ತು ಕೇಳಿ ಮಕ್ಕಳೇ. ಮಗುವಿನ ಕಿವಿಗೆ ಇರುವೆ ಹೊಕ್ಕಿರಬಹುದಿತ್ತು. ಎದೆಯಲ್ಲಿ ಕಫ ಕಟ್ಟಿರಬಹುದಿತ್ತು. ರೈಲಿನಲ್ಲಿ ಯಾರದೋ ಕಣ್ಣು ಬಿದ್ದಿರಬಹುದಿತ್ತು. ನನ್ನ ಅಂಗಿಯಿಂದ ಕಳೆದುಹೋದ ಗುಂಡಿ ಅದರ ಗಂಟಲಲ್ಲಿರಬಹುದಿತ್ತು. ಇದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ನಾವು ಒಂದನ್ನೂ ಬಿಡದೆ ಹೆದರಿದೆವು.

ಮಗು ಅಕ್ಕನದು. ಎರಡನೇ ಕ್ಲಾಸಿನಲ್ಲೇ ನಾನು ಮಾವನಾಗಿದ್ದೆ. ಭಾವನಿಗೆ ಸಿಮ್ಲಾದಲ್ಲಿ ಕೆಲಸ, ಮಗು ಹುಟ್ಟಿದ್ದೂ ಅಲ್ಲೇ. ಅಲ್ಲಿಯ ಹಿಮದ ಸುದ್ದಿ ಕೇಳಿ ಕಂಗಾಲಾದ ಅಪ್ಪ ಕಾಗದದ ಮೇಲೆ ಕಾಗದ ಬರೆದು, ಡಿಸೆಂಬರಿನಲ್ಲಿ ತಾಯಿ ಮಗುವನ್ನು ಮಂಗಳೂರಿನ ಬೋಳಾರದ ಮನೆಗೆ ಕರೆಸಿಕೊಂಡಿದ್ದರು.

ನಮ್ಮೂರಿನ ಚಳಿ ನಿಮಗೆ ಗೊತ್ತೇ ಉಂಟು. ಬೆಳಿಗ್ಗೆ ನದಿಯ ಕಡೆಯಿಂದ ಸಣ್ಣಗೆ ಗಾಳಿ, ಹತ್ತು ಗಂಟೆಗೆಲ್ಲ ಬೆನ್ನಿಗೆ ಅಂಟುವ ಬನಿಯನ್. ಆದರೆ ಬಾಟಲಿಯ ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾದ ದಿನದಿಂದ ಅಮ್ಮನಿಗೆ ಅದು ಚಳಿಗಾಲ. ಮಗುವಿಗೆ ಹಬೆಯಾಡುವ ನೀರಿನ ಸ್ನಾನವಾಯಿತು, ಸಾಂಬ್ರಾಣಿ ಹೊಗೆಯಾಯಿತು. ಎರಡು ಅಂಗಿ, ಅಕ್ಕ ಸಿಮ್ಲಾದಲ್ಲಿ ಹೆಣೆದ ದಪ್ಪ ಸ್ವೆಟರ್, ಕಿವಿ ಮುಚ್ಚುವ ಟೊಪ್ಪಿ, ಮೇಲೊಂದು ಅಪ್ಪನ ಶಾಲು. ಕಿಟಕಿಗಳೆಲ್ಲ ಬಂದ್.

"ಅಮ್ಮ, ಇದು ಹಿಮದಲ್ಲಿ ಹುಟ್ಟಿದ ಮಗು," ಎಂದಳು ಅಕ್ಕ.

"ಅದಕ್ಕೇ ಹೇಳುವುದು. ಅಲ್ಲಿಯ ಚಳಿ ಇನ್ನೂ ಮೈಯೊಳಗೆ ಉಂಟು. ಇಲ್ಲಿಯದ್ದೂ ಸೇರಿದರೆ ಎಂತ ಗತಿ?"

ಎರಡು ಊರಿನ ಚಳಿಯನ್ನು ಕೂಡಿಸುವ ಆ ಲೆಕ್ಕ ನನಗೂ ಸರಿಯೆನಿಸಿತು. ಅಕ್ಕ ಟೊಪ್ಪಿಯ ದಾರ ಕಟ್ಟಿದಳು. ತವರಿಗೆ ಬಂದ ಮೇಲೆ ಮಗು ಸಾಕುವುದರಲ್ಲಿ ಅಮ್ಮನ ಮಾತೇ ಮಾತು.

ಒಂಬತ್ತಕ್ಕೆ ಮಗು ಅಳಲು ಸುರುಮಾಡಿತು. ಬಜೆ ತೇದು ನೆಕ್ಕಿಸಿದರು, ಓಮದ ನೀರು ಕುಡಿಸಿದರು. ಅಳು ಏರಿತು. ಪಕ್ಕದ ಮನೆಯ ಬಾಯಮ್ಮ ಬಂದು, "ಮುಖ ನೋಡು ಮಾರಾಯ್ತಿ, ಚಳಿಗೆ ಕೆಂಪಾಗಿ ಹೋಗಿದೆ," ಎಂದು ತಮ್ಮ ಕಂಬಳಿಯನ್ನೂ ಹೊದೆಸಿದರು. ಮಧ್ಯಾಹ್ನದ ಹೊತ್ತಿಗೆ ಮಗು ಹಾಲು ಮುಟ್ಟುವುದನ್ನೇ ಬಿಟ್ಟಿತು. ಮೂರು ಗಂಟೆಗೆ ಅದರ ಸ್ವರ ಒಡೆದು, ಅಳು ಹೋಗಿ ಬರೀ ನರಳಿಕೆಯಾಯಿತು. "ನಾನು ಬರಬಾರದಿತ್ತು, ಇಲ್ಲಿಗೆ ಬರಲೇಬಾರದಿತ್ತು," ಎಂದು ಅಕ್ಕ ಬಿಕ್ಕುತ್ತಿದ್ದಳು. ಅಪ್ಪ ಚಪ್ಪಲಿಯನ್ನೂ ಹಾಕದೆ ಡಾಕ್ಟರನ್ನು ಕರೆಯಲು ಜೆಪ್ಪುವಿಗೆ ಓಡಿದರು. ಅಮ್ಮ ಶಾಖ ಕೊಡಲು ಬಟ್ಟೆ ಬಿಸಿ ಮಾಡುತ್ತಿದ್ದರು. ಮುಖ ತೊಳೆಯಲು ಬಾವಿಕಟ್ಟೆಗೆ ಹೊರಟ ಅಕ್ಕ, "ಎರಡು ನಿಮಿಷ ನೋಡಿಕೋ," ಎಂದಳು ನನಗೆ.

ಆ ಎರಡು ನಿಮಿಷದಲ್ಲೇ ಮಗು ಉಚ್ಚೆ ಹೊಯ್ದಿತು. ಒದ್ದೆ ಬಟ್ಟೆಯಲ್ಲಿ ಚಳಿ ಇಮ್ಮಡಿ ಎಂದು ನನಗೆ ಗೊತ್ತಿತ್ತು. ಕಂಬಳಿ ತೆಗೆದೆ, ಶಾಲು ಎಳೆದೆ, ಸ್ವೆಟರ್ ಬಿಚ್ಚಿದೆ. ಒಳಗೊಳಗೆ ಹೋದಷ್ಟೂ ಎಲ್ಲ ಒದ್ದೆ. ಕೊನೆಗೆ ಬರಿಮೈ ಮಗುವನ್ನು ಕೆಂಪು ಗಾರೆಯ ನೆಲದ ಮೇಲೆ ಮಲಗಿಸಿ, ಒಣಬಟ್ಟೆಗಾಗಿ ಕಪಾಟಿನ ಬಾಗಿಲು ಜಗ್ಗಿದೆ. ಹಿಂದೆ ಸದ್ದೇ ಇಲ್ಲ.

ನಾನು ತಿರುಗಿ ನೋಡಲಿಲ್ಲ. ಮಗುವನ್ನು ಚಳಿಗೆ ಹಾಕಿ ಕೊಂದದ್ದು ನಾನೇ ಎಂದು ಕಪಾಟಿಗೆ ಹಣೆ ಒತ್ತಿ ನಿಂತುಬಿಟ್ಟೆ.

ಸದ್ದು ನಿಂತದ್ದು ಕೇಳಿ ಅಕ್ಕ ಓಡಿಬಂದಳು. "ಅಯ್ಯೋ, ಎಂತ ಮಾಡಿದೆ ಮಾರಾಯ!" ಆಗ ತಿರುಗಿ ನೋಡಿದೆ. ಮಗು ತಣ್ಣನೆಯ ನೆಲಕ್ಕೆ ಕೆನ್ನೆ ಒತ್ತಿ ಕಾಲು ಬಡಿಯುತ್ತಿತ್ತು. ಅಕ್ಕ ಎತ್ತಿಕೊಂಡದ್ದೇ ತಡ, ಗಟಗಟ ಹಾಲು ಕುಡಿಯಿತು. ಬಿಸಿ ಬಟ್ಟೆ ಹಿಡಿದು ಬಂದ ಅಮ್ಮನಿಗೆ ಅಕ್ಕ, "ಬೇಡ," ಎಂದಳು. ಅಮ್ಮನಿಗೆ ಅವಳು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಡಾಕ್ಟರು ಬಂದು ಮಗುವಿನ ಕತ್ತು, ಬೆನ್ನು ನೋಡಿದರು. "ಬೆವರುಸಾಲೆ, ಅಷ್ಟೇ. ಇನ್ನು ಬಟ್ಟೆ ಹೇರಬೇಡಿ. ಕಿಟಕಿ ತೆರೆಯಿರಿ, ನನಗೇ ಸೆಕೆ ತಡೆಯುವುದಿಲ್ಲ." ಅಮ್ಮ ಮೂಲೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ನೀವು ದೋಹಾದಲ್ಲಿ ಬೆಳೆಯುವ ಮಕ್ಕಳು. ವರ್ಷವಿಡೀ ಎಸಿಯೊಳಗಿದ್ದವರಿಗೆ ಚಳಿಗಾಲವೆಂದರೆ ಹೊರಗೆ ಬಂದು ಪಾರ್ಕಿನಲ್ಲಿ ಕೂತು ಉಣ್ಣುವ ಸಂಭ್ರಮ. ಸಿಮ್ಲಾದ ನೆರೆಹೊರೆಯವರಿಗೆ ಅದು ಒಲೆ ಬಿಟ್ಟೇಳದ ಕಾಲ ಎಂದು ಅಕ್ಕ ಹೇಳುತ್ತಿದ್ದಳು. ನಮಗೆ ಅದು ಬರೀ ಹೆದರಿಕೆ. ಎಷ್ಟು ಡಿಗ್ರಿ ಎಂದು ನಿಮಗೆ ಫೋನು ಹೇಳುತ್ತದೆ. ನಮ್ಮ ಮನೆಯಲ್ಲಿ ಅಮ್ಮ ಹೇಳಿದಷ್ಟೇ ಡಿಗ್ರಿ.

ಮೊನ್ನೆ ರಜೆಗೆ ಬಂದವರು ಫ್ಯಾನನ್ನು ಐದಕ್ಕೆ ತಿರುಗಿಸಿ ಬರಿನೆಲದಲ್ಲಿ ಮಲಗಿದಿರಲ್ಲ, ಬೆಳಗಿನ ಜಾವ ನನಗೆ ಎಚ್ಚರವಾಯಿತು. ಶೀತವಾದರೆ? ಕಿವಿ ನೋವು ಬಂದರೆ? ಅದು ಜ್ವರಕ್ಕೆ ತಿರುಗಿ ವಿಮಾನ ತಪ್ಪಿದರೆ? ನಾಲ್ಕು ಸಲ ಬರಿಗಾಲಲ್ಲಿ ಬಂದು ಹೊದಿಕೆ ಹೊದೆಸಿದೆ. ನಾಲ್ಕು ಸಲವೂ ಒದ್ದಿರಿ. "ಅಜ್ಜ, ನೀವು ಹೋಗಿ ಮಲಗಿ ಮಾರಾಯ್ರೆ!" ಎಂದೂ ಆಯಿತು. ನಿಮಗೆ ಏನೂ ಆಗಲಿಲ್ಲ. ಅಂದಿನಿಂದ ಈ ಮನೆಯಲ್ಲಿ ಸೀನುತ್ತಿರುವವನು ನಾನೊಬ್ಬನೇ.