ಬಾವಿ ಬದಿಯ ಗೋವಿನಜೋಳ

ಅರವತ್ತರ ದಶಕದ ನಡುವಿನಲ್ಲಿ ನಾನು ತಿಕೋಟಾದಿಂದ ಬಬಲೇಶ್ವರಕ್ಕೆ ಸೊಸೆಯಾಗಿ ಬಂದೆ. ಆ ವರ್ಷ ಬಾವಿ ಬದಿಯ ಹೊಲದಲ್ಲಿ ಗೋವಿನಜೋಳ ಹಾಕಿದ್ದರು. ಸುಲಿದು ನೋಡಿದರೆ ತೆನೆಯಲ್ಲಿ ಅರ್ಧಕ್ಕರ್ಧ ಕಾಳೇ ಇರಲಿಲ್ಲ. ಮಾವನವರು ಅವನ್ನು ಎತ್ತುಗಳ ಮುಂದೆ ಎಸೆದು, "ಇನ್ನ ಇದರ ಹೆಸರ ಎತ್ತಬ್ಯಾಡ್ರಿ. ನಮಗ ಬಿಳಿಜ್ವಾಳನ ಸಾಕು," ಅಂದರು.

ಹೊಲಕ್ಕೆ ಒಳ್ಳೆಯ ಗೊಬ್ಬರ ಬೀಳದ್ದಕ್ಕೇ ಹೀಗಾಯಿತು ಅನ್ನಿಸಿ ನನಗೆ ಸುಮ್ಮನಿರಲಾಗಲಿಲ್ಲ. ತವರಿನಲ್ಲಿ ನಮ್ಮವ್ವ ತಿಪ್ಪೆಯನ್ನು ಬಿಸಿಲಿಗೆ ಒಣಗಲು ಬಿಡುತ್ತಿರಲಿಲ್ಲ. ಬೇವಿನ ನೆರಳಲ್ಲಿ ಗುಂಡಿ ತೋಡಿಸಿ, ಸಗಣಿ, ಕಸಕಡ್ಡಿ ತುಂಬಿ, ಗೋಣಿತಟ್ಟು ಹೊದಿಸಿ ನೀರು ಚಿಮುಕಿಸುತ್ತಿದ್ದಳು. ತಂಪಿಗೆ ಎರೆಹುಳಗಳು ತಾವಾಗಿಯೇ ಬಂದು ಎಲ್ಲವನ್ನೂ ಚಹಾಪುಡಿಯಂಥ ಗೊಬ್ಬರ ಮಾಡುತ್ತಿದ್ದವು. ಇದನ್ನು ಅತ್ತೆಗೆ ಹೇಳಿದೆ. ಅವರು ಸೆರಗು ಸಿಕ್ಕಿಸಿ ಸಲಿಕೆ ಹಿಡಿದೇಬಿಟ್ಟರು.

ಬೇಸಿಗೆ ಮುಗಿಯುವ ಹೊತ್ತಿಗೆ ಗುಂಡಿಯಲ್ಲಿ ಕೈಹಾಕಿದಲ್ಲೆಲ್ಲ ಎರೆಹುಳ. ಅದೇ ಹೊತ್ತಿಗೆ ಊರಿನ ಗ್ರಾಮಸೇವಕರು ಬಿಳಿಯ ಸರಕಾರಿ ಗೊಬ್ಬರ ತಂದುಕೊಟ್ಟರು.

"ಅದು ಭೂಮಿ ಸುಡತೈತಿ," ಅಂದರು ಮಾವ.

"ಗಿಡದ ಬುಡಕ್ಕ ಸುರದ್ರ ಸುಡತೈತ್ರಿ. ದೂರ ಸ್ವಲ್ಪ ಹಾಕಿ ನೀರ ಬಿಟ್ರ ಏನೂ ಆಗೂದಿಲ್ಲ," ಅಂದರು ಗ್ರಾಮಸೇವಕರು.

ಅತ್ತೆ ಮಾವನ ಎದುರು ಕೂತರು. "ಬಾವಿ ಬದಿ ಹೊಲಾ ಇದೊಂದ ಸಲ ನಮಗ ಬಿಡ್ರಿ. ಬರಲಿಲ್ಲಂದ್ರ ಮತ್ತ ಕೇಳಾಂಗಿಲ್ಲ."

ಮಾವ ಒಲ್ಲದ ಮನಸ್ಸಿನಿಂದ ಹೂಂ ಅಂದರು.

ಸಾಲಿಗೆಲ್ಲ ಎರೆಹುಳದ ಗೊಬ್ಬರ ಹಾಕಿ ಬಿತ್ತಿದೆವು. ಬೆಳೆ ಮೊಣಕಾಲೆತ್ತರ ಬಂದಾಗ ಬಿಳಿ ಗೊಬ್ಬರವನ್ನು ಬುಡದಿಂದ ದೂರ ಉದುರಿಸಿ ಅವತ್ತೇ ನೀರು ಕಟ್ಟಿದೆವು. ಎಲೆ ಸುಡುವುದೋ ಏನೋ ಎಂದು ದಿನಾ ಬೆಳಗಾಗುತ್ತಲೇ ಹೋಗಿ ನೋಡುತ್ತಿದ್ದೆ. ಸುಡಲಿಲ್ಲ, ಕಡುಹಸಿರಾಗಿ ಆಳೆತ್ತರ ಬೆಳೆಯಿತು. ಮಾವ ದಿನಾ ಬದುವಿನ ಮೇಲೆ ನಿಂತು ನೋಡಿ ಹೋಗುತ್ತಿದ್ದರು.

ಒಂದು ಮುಂಜಾನೆ ಅವರೇ ಒಂದು ತೆನೆ ಮುರಿದು ಸುಲಿದರು. ತಳದಿಂದ ತುದಿಯವರೆಗೆ ಒತ್ತೊತ್ತಾಗಿ ಕಾಳು!

"ಯಪ್ಪಾ! ಬೆರಳ ಇಡಾಕೂ ಜಾಗಾ ಇಲ್ಲಲ್ಲಾ!" ಅಂದು ಗಟ್ಟಿಯಾಗಿ ನಕ್ಕರು.

ಆ ವಾರವೇ ಚಕ್ಕಡಿ ತುಂಬ ಹಸಿತೆನೆ ಹೇರಿಕೊಂಡು ಮೂವರೂ ವಿಜಾಪುರಕ್ಕೆ ಹೋದೆವು. ಗೋಳಗುಮ್ಮಟದ ಹತ್ತಿರ ಕೆಂಡ ಮಾಡಿ ಅತ್ತೆ ತೆನೆ ಸುಟ್ಟರು, ನಾನು ಉಪ್ಪು ಖಾರ ಸವರಿದೆ. ಟಾಂಗಾದವರು, ಗುಮ್ಮಟ ನೋಡಲು ಬಂದವರು ಮುತ್ತಿಕೊಂಡರು. ಮಾವ ರುಮಾಲು ಸರಿಮಾಡಿಕೊಂಡು ಕೂಗುತ್ತಿದ್ದರು: "ಬರ್ರಿ, ತಿಂದ ನೋಡ್ರಿ! ನಮ್ಮ ಸೊಸಿ ಬೆಳದದ್ದು!"

ಮುಂದಿನ ಬಿತ್ತನೆಗೆ ಮೊದಲು, ಸುದ್ದಿ ಕೇಳಿ ಹತ್ತಿರದ ಊರು ಸಾರವಾಡದ ಹೆಂಗಸರು ಬುಟ್ಟಿ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಒಂದೀಟ ಹುಳಾ ಕೊಡ ಬೇ," ಅಂದರು. ಎರಡೂ ಕೈತುಂಬ ತೆಗೆದು ಕೊಟ್ಟೆ.